ಆಸ್ಟ್ರೇಲಿಯದಲ್ಲಿ ವಲಸೆಗಾರರ ಇಂಗ್ಲಿಷ್ ಶಿಕ್ಷಣ: ಸಂಶೋಧನೆಗೂ ಶಾಸನಕ್ಕೂ ಇರುವ ಸಂಬಂಧ

೧

ಶಾಸನಮಾಡುವವರು ವಿಷಯವನ್ನು ಚೆನ್ನಾಗಿ ತಿಳಿದು ಶಾಸನಮಾಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅವರಿಗೆ ತಿಳಿಸಬೇಕಾದವರು ಯಾರು, ತಿಳಿಸಿದುದರಲ್ಲಿ ಎಷ್ಟು ಭಾಗವು ಶಾಸನದ ಮಾತಾಗಿ ಪರಿಣಮಿಸುತ್ತದೆ, ಎಷ್ಟು ಭಾಗವು ವರದಿಯ ಪುಟಗಳಲ್ಲಿಯೇ ಉಳಿದುಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಕೊಡುವುದು ಸುಲಭವಲ್ಲ. ಸಾಮಾನ್ಯ ಸೂತ್ರಗಳಿಂದ ಇವು ಬಗೆಹರಿಯುವುದಿಲ್ಲ. ಒಂದು ದೇಶದಲ್ಲಿ ಒಂದು ವಿಷಯವನ್ನು ಕುರಿತು ಬಹುಕಾಲ ನಡೆದ ವ್ಯವಹಾರವನ್ನು ಕ್ರಮವಾಗಿ ನೋಡಿದರೆ ಸ್ವಲ್ಪಮಟ್ಟಿಗೆ ತಿಳಿಯಬಹುದು. ಅಂಥ ಪರೀಕ್ಷೆಗೆ, ಆಸ್ಟ್ರೇಲಿಯ ದೇಶದಲ್ಲಿ ವಲಸೆಬಂದವರಿಗೆ ಇಂಗ್ಲಿಷ್ ಭಾಷೆಯನ್ನು ಕಲಿಸುವ ಏರ್ಪಾಟಿನ ಚರಿತ್ರೆಯು ಬಹಳ ಅನುಕೂಲವಾಗಿದೆ. ಎರಡನೆಯ ಮಹಾಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ ಮೊದಲಾದ ಈ ಏರ್ಪಾಟು ಇಂದಿಗೂ ನಡೆದುಬರುತ್ತಿದೆ. ಸರ್ಕಾರದ ಹಣವೂ ಪಾರ್ಲಿಮೆಂಟಿನ ಶಾಸನವೂ ಅದಕ್ಕೆ ಆಧಾರವಾಗಿವೆ. ವಿಚಾರಣಾ ಸಮಿತಿಗಳ ವರದಿಗಳೂ ವಿದ್ವಾಂಸರ ಸಂಶೋಧನೆಗಳೂ ಅದರ ಜೊತೆಜೊತೆಯಾಗಿ ಬೆಳೆದಿವೆ.

ಈ ಚರಿತ್ರೆಯಲ್ಲಿ ಒಂದು ಸಂಖ್ಯೆಗೆ ವಿಶೇಷ ಸ್ಥಾನವುಂಟು. ಅದು ೫೧೦. ಇಂಗ್ಲಿಷ್ ಬಾರದ ವಲಸೆಗಾರನಿಗೆ ಸರ್ಕಾರವು ಎಷ್ಟು ಗಂಟೆಗಳ ಪಾಠವನ್ನು ಕೊಡಲು ಕಟ್ಟುಬಿದ್ದಿದೆಯೆಂಬ ಪ್ರಶ್ನೆಗೆ ೧೯೯೨ನೆಯ ಇಸವಿಯ ತಿದ್ದುಪಡಿ ಶಾಸನವು ಕೊಟ್ಟ ಉತ್ತರವಿದು. ಆ ಮೇರೆಯು ಸುಮಾರು ಇಪ್ಪತ್ತೆಂಟು ವರ್ಷಗಳ ಕಾಲ ನಿಂತು, ೨೦೨೧ನೆಯ ಏಪ್ರಿಲ್ ತಿಂಗಳಲ್ಲಿ ಹೊರಟುಹೋಯಿತು. ಒಂದು ಸಂಖ್ಯೆಯು ಶಾಸನದೊಳಕ್ಕೆ ಹೇಗೆ ಬರುತ್ತದೆ, ಬಂದಮೇಲೆ ಎಷ್ಟು ಕಾಲ ಉಳಿಯುತ್ತದೆ, ಅದರ ವಿರುದ್ಧವಾದ ತಿಳಿವಳಿಕೆಯು ಎಷ್ಟು ಕೂಡಿದರೆ ಕದಲುತ್ತದೆ ಎಂಬುದನ್ನು ಈ ವೃತ್ತಾಂತವು ಸ್ಪಷ್ಟಪಡಿಸುವುದು.

೨

ಆಸ್ಟ್ರೇಲಿಯದ ಶಾಸನಗಳಲ್ಲಿ ಭಾಷೆಯು ಮೊದಲು ಕಾಣಿಸಿಕೊಂಡುದು ಪಾಠದ ರೂಪದಲ್ಲಿ ಅಲ್ಲ, ಅಗುಳಿಯ ರೂಪದಲ್ಲಿ. ಆರು ವಸಾಹತುಗಳು ೧೯೦೧ನೆಯ ಇಸವಿಯಲ್ಲಿ ಸೇರಿ ಒಂದು ಒಕ್ಕೂಟವಾದಾಗ ಹೊಸ ಪಾರ್ಲಿಮೆಂಟು ಅದೇ ವರ್ಷ ವಲಸೆ ನಿರ್ಬಂಧ ಶಾಸನವನ್ನು ಮಾಡಿತು. ಒಳಗೆ ಬರಲಿಚ್ಛಿಸುವವನು ಅಧಿಕಾರಿಯು ಹೇಳಿದ ೫೦ ಮಾತುಗಳ ಒಂದು ಭಾಗವನ್ನು ಐರೋಪ್ಯ ಭಾಷೆಯೊಂದರಲ್ಲಿ ಉಕ್ತಲೇಖನವಾಗಿ ಬರೆಯಬೇಕೆಂಬುದು ಅದರ ಮುಖ್ಯ ವಿಧಿ. ಭಾಷೆ ಯಾವುದೆಂಬುದನ್ನು ಆರಿಸುವವನು ಅಧಿಕಾರಿ, ಬರೆಯುವವನಲ್ಲ. ಏಷ್ಯದ ಜನರನ್ನು ಹೆಸರಿಟ್ಟು ತಡೆಯದೆ ಹೊರಗಿಡುವ ಈ ಉಪಾಯವು ದಕ್ಷಿಣ ಆಫ್ರಿಕದ ನೆಟಾಲಿನಲ್ಲಿ ೧೮೯೭ನೆಯ ಇಸವಿಯಲ್ಲಿ ಹುಟ್ಟಿದುದು. ಅಲ್ಲಿ ಅದು ಮುಖ್ಯವಾಗಿ ಭಾರತೀಯರ ಪ್ರವೇಶವನ್ನು ತಡೆಯುವುದಕ್ಕಾಗಿ ಏರ್ಪಟ್ಟಿತ್ತು. ಚಕ್ರವರ್ತಿಯ ಪ್ರಜೆಗಳಾದ ಭಾರತೀಯರನ್ನು ಬಣ್ಣದ ಹೆಸರಿನಲ್ಲಿ ಬಹಿರಂಗವಾಗಿ ಹೊರಗಿಡುವುದು ಲಂಡನ್ನಿನ ಸರ್ಕಾರಕ್ಕೆ ಮುಜುಗರವಾಗಿದ್ದುದರಿಂದ, ವಸಾಹತು ಮಂತ್ರಿಯಾಗಿದ್ದ ಜೋಸೆಫ್ ಚೇಂಬರ್‌ಲೇನನು ಅದೇ ವರ್ಷ ವಸಾಹತುಗಳ ಮುಖ್ಯಮಂತ್ರಿಗಳ ಸಭೆಯಲ್ಲಿ ನೆಟಾಲಿನ ಮಾದರಿಯನ್ನು ಹೊಗಳಿದನು.

ಈ ಪರೀಕ್ಷೆಯ ಲೆಕ್ಕವು ಅದರ ಉದ್ದೇಶವನ್ನು ತೋರಿಸುತ್ತದೆ. ೧೯೦೨ರಿಂದ ೧೯೦೯ರವರೆಗೆ ೧೩೫೯ ಸಲ ಪರೀಕ್ಷೆ ನಡೆಯಿತು. ಒಳಗೆ ಬರಲು ಅನುಮತಿ ಪಡೆದವರು ೫೨ ಜನ. ಅನಂತರ ಯಾರೂ ತೇರ್ಗಡೆಯಾಗಲಿಲ್ಲ. ೧೯೩೪ರಲ್ಲಿ ಹಲವು ಭಾಷೆಗಳನ್ನು ಬಲ್ಲ ಎಗಾನ್ ಕಿಶ್ ಎಂಬ ಲೇಖಕನನ್ನು ತಡೆಯಬೇಕಾಗಿ ಬಂದಾಗ ಅಧಿಕಾರಿಗಳು ಅವನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆಯಿಟ್ಟರು; ಆ ಭಾಷೆಯು ಶಾಸನವು ಹೇಳುವ ಅರ್ಥದಲ್ಲಿ ಐರೋಪ್ಯ ಭಾಷೆಯಲ್ಲವೆಂದು ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. ಉಕ್ತಲೇಖನದ ವಿಧಿಯು ರದ್ದಾದುದು ೧೯೫೮ರಲ್ಲಿ. ಭಾಷೆಯನ್ನು ಅಳೆಯುವ ಸಾಧನವಿದ್ದಿತು, ಲೆಕ್ಕವಿದ್ದಿತು. ಆದರೆ ಕಲಿಯುವವನ ವಿಷಯದಲ್ಲಿ ಜಿಜ್ಞಾಸೆಯಿರಲಿಲ್ಲ. ಅಳತೆಯ ಸಾಧನವಿದ್ದ ಮಾತ್ರಕ್ಕೆ ಜ್ಞಾನವಿದೆಯೆಂದು ಹೇಳಲಾಗದು ಎಂಬುದಕ್ಕೆ ಇದು ಮೊದಲನೆಯ ನಿದರ್ಶನ.

೩

ಉಕ್ತಲೇಖನದ ವಿಧಿಯು ಇನ್ನೂ ಜಾರಿಯಲ್ಲಿದ್ದಾಗಲೇ ಆಸ್ಟ್ರೇಲಿಯಕ್ಕೆ ಇಂಗ್ಲಿಷ್ ಬಾರದ ಜನರ ಅವಶ್ಯಕತೆಯುಂಟಾಯಿತು. ಯುದ್ಧಾನಂತರ ದೇಶದ ಜನಸಂಖ್ಯೆಯನ್ನೂ ಕೆಲಸಗಾರರನ್ನೂ ಹೆಚ್ಚಿಸಬೇಕೆಂದು ೧೯೪೫ರಲ್ಲಿ ವಲಸೆಯ ಇಲಾಖೆಯು ಸ್ಥಾಪಿತವಾಯಿತು. ಆರ್ಥರ್ ಕಾಲ್ವೆಲ್ ಅದರ ಮೊದಲನೆಯ ಮಂತ್ರಿ. ಬ್ರಿಟನ್ನಿನಿಂದ ಬೇಕಾದಷ್ಟು ಜನ ಬರಲು ಹಡಗುಗಳು ಸಾಲದೆ, ೧೯೪೭ನೆಯ ಜುಲೈನಲ್ಲಿ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯೊಡನೆ ಒಪ್ಪಂದವಾಯಿತು. ಆ ವರ್ಷದ ನವೆಂಬರಿನಲ್ಲಿ ಬಾಲ್ಟಿಕ್ ದೇಶಗಳ ನಿರಾಶ್ರಿತರನ್ನು ಹೊತ್ತ ಮೊದಲನೆಯ ಹಡಗು ಫ್ರೀಮ್ಯಾಂಟಲ್ ಬಂದರನ್ನು ಸೇರಿತು. ಅವರನ್ನು ವಿಕ್ಟೋರಿಯ ಪ್ರಾಂತದ ಬೊನೆಗಿಲ್ಲ ಎಂಬಲ್ಲಿ, ಹಿಂದೆ ಸೈನ್ಯದ ಪಾಳೆಯವಾಗಿದ್ದ ಸ್ಥಳದಲ್ಲಿ ಇಳಿಸಲಾಯಿತು. ಕೆಲವೇ ವರ್ಷಗಳಲ್ಲಿ ಹೀಗೆ ಬಂದ ನಿರಾಶ್ರಿತರು ಸುಮಾರು ೧,೭೦,೦೦೦ ಮಂದಿ. ಬೊನೆಗಿಲ್ಲವೊಂದರ ಮೂಲಕವೇ ೧೯೭೧ರಲ್ಲಿ ಅದು ಮುಚ್ಚುವವರೆಗೆ ೩,೦೦,೦೦೦ಕ್ಕೆ ಮೀರಿದ ವಲಸೆಗಾರರು ಹಾದುಹೋದರು.

ಬಂದವರು ಎರಡು ವರ್ಷಗಳ ಕಾಲ ಸರ್ಕಾರವು ತೋರಿಸಿದ ಕೆಲಸವನ್ನು ಮಾಡಬೇಕೆಂದು ಕರಾರಿದ್ದಿತು. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷನ್ನಾದರೂ ಕಲಿಸದೆ ವಿಧಿಯಿರಲಿಲ್ಲ. ಹಡಗಿನ ಪ್ರಯಾಣದಲ್ಲಿ ಕೆಲವು ಪಾಠಗಳು, ಶಿಬಿರದಲ್ಲಿ ಕೆಲವು ವಾರಗಳ ತರಗತಿಗಳು, ಊರು ಸೇರಿದಮೇಲೆ ಸಂಜೆಯ ತರಗತಿಗಳು, ದೂರದಲ್ಲಿರುವವರಿಗೆ ಅಂಚೆಯ ಮೂಲಕವೂ ರೇಡಿಯೋ ಮೂಲಕವೂ ಪಾಠ—ಹೀಗೆ ಕ್ರಮವೇರ್ಪಟ್ಟಿತು. ಒಂದೇ ತರಗತಿಯಲ್ಲಿ ಹಲವು ಭಾಷೆಗಳವರು ಕುಳಿತಿರುತ್ತಿದ್ದುದರಿಂದ ಭಾಷಾಂತರದ ಮೂಲಕ ಕಲಿಸುವುದು ಸಾಧ್ಯವಿರಲಿಲ್ಲ. ವಸ್ತುವನ್ನೂ ಸನ್ನಿವೇಶವನ್ನೂ ಮುಂದಿಟ್ಟು ಇಂಗ್ಲಿಷಿನಲ್ಲಿಯೇ ಇಂಗ್ಲಿಷನ್ನು ಕಲಿಸುವ ಪದ್ಧತಿಯನ್ನು ಒಕ್ಕೂಟದ ಶಿಕ್ಷಣ ಕಚೇರಿಯವರು ಬೆಳೆಸಿದರು. ಉಪಾಧ್ಯಾಯರ ಅನುಭವದಿಂದ ಹುಟ್ಟಿದ ಈ ಪದ್ಧತಿಯು ಅನಂತರ ಇತರ ದೇಶಗಳಿಗೂ ಹೋಯಿತು.

ಪಾಠ ಹೇಳುವ ರೀತಿಯ ವಿಷಯದಲ್ಲಿ ಹೀಗೆ ವಿಚಾರ ನಡೆದರೂ, ಕಲಿಯುವವರ ಸ್ಥಿತಿಯನ್ನು ಕುರಿತು ವಿಚಾರ ನಡೆಯಲಿಲ್ಲ. ವಲಸೆಬಂದವರು ಸ್ವಲ್ಪ ಕಾಲದಲ್ಲಿಯೇ ಆಸ್ಟ್ರೇಲಿಯದವರಂತೆ ಆಗಿಬಿಡುವರೆಂಬುದು ಆಗಿನ ನಂಬಿಕೆ. ಮಕ್ಕಳ ವಿಷಯದಲ್ಲಂತೂ ಆ ನಂಬಿಕೆ ಇನ್ನೂ ಬಲವಾಗಿದ್ದಿತು: ಇತರ ಮಕ್ಕಳ ನಡುವೆ ಬಿಟ್ಟರೆ ಭಾಷೆಯು ತಾನಾಗಿ ಬರುವುದೆಂದು ಭಾವಿಸಿ ಶಾಲೆಗಳಲ್ಲಿ ಅವರಿಗಾಗಿ ಪ್ರತ್ಯೇಕ ಏರ್ಪಾಟನ್ನು ಮಾಡಲಿಲ್ಲ. ಮಾತೃಭಾಷೆ ಯಾವುದೆಂದು ಎಣಿಸುವುದೇ ಭೇದವನ್ನು ಹುಟ್ಟಿಸುವ ಕಾರ್ಯವೆಂದು ತೋರುತ್ತಿದ್ದುದರಿಂದ ಎಣಿಕೆಯೂ ಸರಿಯಾಗಿರಲಿಲ್ಲ. ಹೀಗೆ ಸುಮಾರು ಇಪ್ಪತ್ತು ವರ್ಷಗಳ ಕಾಲ ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ ಮಕ್ಕಳು ಸರ್ಕಾರದ ಲೆಕ್ಕದಲ್ಲಿ ಸಮಸ್ಯೆಯಾಗಿ ಕಾಣಿಸಲಿಲ್ಲ.

ಈ ಕಾಣದಿರುವಿಕೆಯನ್ನೇ ವಿಷಯವಾಗಿಟ್ಟುಕೊಂಡು ಸಂಶೋಧನೆ ನಡೆಸಿದವರು ಜೀನ್ ಮಾರ್ಟಿನ್ ಎಂಬ ಸಮಾಜಶಾಸ್ತ್ರಜ್ಞೆ. ೧೯೫೦ರ ದಶಕದಿಂದ ನಿರಾಶ್ರಿತ ಕುಟುಂಬಗಳನ್ನು ಅಭ್ಯಸಿಸುತ್ತ ಬಂದಿದ್ದ ಈಕೆಯು, ರಾಷ್ಟ್ರೀಯ ಜನಸಂಖ್ಯಾ ವಿಚಾರಣೆಗಾಗಿ ಬರೆದು ೧೯೭೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ೧೯೪೭ರಿಂದ ೧೯೭೭ರವರೆಗೆ ಆಸ್ಟ್ರೇಲಿಯದ ಸಂಸ್ಥೆಗಳು ವಲಸೆಗಾರರನ್ನು ಹೇಗೆ ಕಂಡುವೆಂಬುದನ್ನು ಪರಿಶೀಲಿಸಿದರು. ಶಿಕ್ಷಣ, ಆರೋಗ್ಯ, ಕಾರ್ಮಿಕ ಸಂಘ ಎಂಬ ಮೂರು ಕ್ಷೇತ್ರಗಳಲ್ಲಿ ಅವರು ತೋರಿಸಿದುದೇನೆಂದರೆ, ಒಂದು ಸಂಗತಿಯು ನಡೆಯುತ್ತಿರುವುದು ಬೇರೆ, ಅದು ಸಾರ್ವಜನಿಕ ಜ್ಞಾನವಾಗುವುದು ಬೇರೆ. ಯಾವುದನ್ನು ಕೇಳಬೇಕು, ಯಾರ ಮಾತನ್ನು ಪ್ರಮಾಣವೆಂದು ಹಿಡಿಯಬೇಕು ಎಂಬುದನ್ನು ಗೊತ್ತುಮಾಡುವ ಅಧಿಕಾರವುಳ್ಳವರಿಗೆ ಬೇಕಾದಾಗ ಮಾತ್ರ ಸಂಗತಿಯು ಜ್ಞಾನವಾಗುತ್ತದೆ. ಅಜ್ಞಾನವೆಂಬುದು ಬರಿಯ ಕೊರತೆಯಲ್ಲ. ಅದೂ ಒಂದು ಏರ್ಪಾಟಿನ ಫಲ.

೪

೧೯೬೦ರ ದಶಕದಲ್ಲಿ ಉಪಾಧ್ಯಾಯರೂ ವಲಸೆಗಾರರ ಸಂಘಗಳೂ ಎತ್ತಿದ ದನಿಯು ಕಡೆಗೆ ಸರ್ಕಾರವನ್ನು ಮುಟ್ಟಿತು. ೧೯೭೦ನೆಯ ಏಪ್ರಿಲ್ ತಿಂಗಳಲ್ಲಿ ವಲಸೆಯ ಮಂತ್ರಿಯಾಗಿದ್ದ ಫಿಲಿಪ್ ಲಿಂಚ್ ವಲಸೆಗಾರರ ಮಕ್ಕಳಿಗಾಗಿ ವಿಶೇಷ ಇಂಗ್ಲಿಷ್ ಶಿಕ್ಷಣವನ್ನು ಸಾರಿದರು. ಮರುವರ್ಷ ವಲಸೆಗಾರರ ಶಿಕ್ಷಣವನ್ನು ಕುರಿತ ಶಾಸನವಾಯಿತು. ಅದುವರೆಗೆ ಒಕ್ಕೂಟದ ಸರ್ಕಾರವು ಹಣಕೊಟ್ಟು ಪ್ರಾಂತಗಳ ಶಿಕ್ಷಣ ಇಲಾಖೆಗಳು ಪಾಠ ನಡೆಸುವ ಆಡಳಿತದ ಒಡಂಬಡಿಕೆಯಿಂದ ನಡೆಯುತ್ತಿದ್ದ ಕಾರ್ಯಕ್ಕೆ ಇದರಿಂದ ಶಾಸನದ ಬಲವುಂಟಾಯಿತು. ಆದರೆ ಎಷ್ಟು ಮಕ್ಕಳಿಗೆ ಸಹಾಯ ಬೇಕೆಂಬ ಮೊದಲಿನ ಅಂದಾಜು ಬಹಳ ಕಡಮೆಯೆಂದು ಬೇಗನೆ ಗೊತ್ತಾಯಿತು. ಹಿಂದೆ ಎಣಿಸದೆ ಬಿಟ್ಟುದರ ಫಲವಿದು. ಏರ್ಪಾಟು ಮೊದಲಾದಮೇಲೆಯೇ ಶಾಲೆಗಳಿಗೆ ತಮ್ಮಲ್ಲಿರುವ ಮಕ್ಕಳನ್ನು ಎಣಿಸುವ ಕಾರಣವುಂಟಾಯಿತು. ಸಂಶೋಧನೆಯಿಂದ ಶಾಸನವು ಹುಟ್ಟುತ್ತದೆಂದು ಹೇಳುವುದು ವಾಡಿಕೆ. ಇಲ್ಲಿ ಶಾಸನದಿಂದ ಎಣಿಕೆಯು ಹುಟ್ಟಿತು.

ವಯಸ್ಕರ ಶಿಕ್ಷಣದ ವಿಷಯದಲ್ಲಿ ದೊಡ್ಡ ಬದಲಾವಣೆಯನ್ನು ತಂದುದು ೧೯೭೮ರ ಗಾಲ್ಬಲಿ ವರದಿ. ಪ್ರಧಾನಮಂತ್ರಿ ಮಾಲ್ಕಂ ಫ್ರೇಸರ್ ನೇಮಿಸಿದ ಈ ಸಮಿತಿಯ ಅಧ್ಯಕ್ಷರಾದ ಫ್ರ್ಯಾಂಕ್ ಗಾಲ್ಬಲಿಯವರು ಮೆಲ್ಬರ್ನಿನಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಹೆಸರಾದ ವಕೀಲರು, ಭಾಷಾಶಾಸ್ತ್ರಜ್ಞರಲ್ಲ. ಉಳಿದ ಮೂವರು ಸದಸ್ಯರು ವಲಸೆಗಾರ ಸಮಾಜಗಳಲ್ಲಿ ಕೆಲಸಮಾಡಿದವರು. ವರದಿಯಲ್ಲಿ ೫೭ ಸಲಹೆಗಳಿದ್ದುವು. ಹೊಸದಾಗಿ ಬಂದವರಿಗೆ ಮೊದಲ ದಿನಗಳಲ್ಲಿಯೇ ಭಾಷೆಯ ಪಾಠವನ್ನೂ ದೇಶದ ತಿಳಿವಳಿಕೆಯನ್ನೂ ಕೂಡಿಸಿ ಕೊಡಬೇಕು, ಪೂರ್ಣಕಾಲದ ತರಗತಿಗಳನ್ನು ಹೆಚ್ಚಿಸಬೇಕು, ಕೆಲಸದ ಸ್ಥಳಗಳಲ್ಲಿಯೂ ಪಾಠ ನಡೆಯಬೇಕು ಎಂಬುವು ಅವುಗಳಲ್ಲಿ ಮುಖ್ಯವಾದುವು. ಮೂರು ವರ್ಷಗಳಲ್ಲಿ ಸುಮಾರು ೫ ಕೋಟಿ ಡಾಲರುಗಳ ವೆಚ್ಚವನ್ನು ಸೂಚಿಸಿದ ಆ ಸಲಹೆಗಳೆಲ್ಲವನ್ನೂ ಸರ್ಕಾರವು ಅಂಗೀಕರಿಸಿತು. ವರದಿಯನ್ನು ಇಂಗ್ಲಿಷಲ್ಲದೆ ವಲಸೆಗಾರರ ಹಲವು ಭಾಷೆಗಳಲ್ಲಿಯೂ ಪ್ರಕಟಿಸಿದುದು ಗಮನಾರ್ಹವಾದ ಸಂಗತಿ. ಯಾರನ್ನು ಕುರಿತು ವರದಿಯು ಮಾತನಾಡುತ್ತದೆಯೋ ಅವರೂ ಅದನ್ನು ಓದಬಲ್ಲವರಾದರು.

ಈ ವರದಿಗೆ ಇಷ್ಟು ಬೇಗ ಮನ್ನಣೆ ದೊರೆತುದೇಕೆ? ಅದರ ಹಿಂದಿದ್ದ ತಿಳಿವಳಿಕೆ ಹೊಸದಲ್ಲ. ಬಡತನವನ್ನು ಕುರಿತು ೧೯೭೦ರ ದಶಕದಲ್ಲಿ ನಡೆದ ಹೆಂಡರ್ಸನ್ ವಿಚಾರಣೆಯೂ ಶಾಲೆಗಳನ್ನು ಕುರಿತ ಪರಿಶೀಲನೆಗಳೂ ಬಹುಮಟ್ಟಿಗೆ ಅದೇ ಸಂಗತಿಗಳನ್ನು ಹೇಳಿದ್ದುವು. ಆದರೆ ಆ ವೇಳೆಗೆ ವಲಸೆಬಂದವರಲ್ಲಿ ಅನೇಕರು ಪೌರರಾಗಿ ಮತದ ಹಕ್ಕನ್ನು ಪಡೆದಿದ್ದರು. ಎರಡು ಪಕ್ಷಗಳಿಗೂ ಅವರ ಮತ ಬೇಕಾಗಿದ್ದಿತು. ಇದಲ್ಲದೆ ಗಾಲ್ಬಲಿಯವರ ವರದಿಯು ಚಿಕ್ಕದು. ಒಂದೊಂದು ಸಲಹೆಗೂ ವೆಚ್ಚವನ್ನು ತೋರಿಸಿದ್ದಿತು. ಮಂತ್ರಿಮಂಡಲವು ಹೌದು ಅಥವಾ ಅಲ್ಲ ಎನ್ನುವಂಥ ರೂಪದಲ್ಲಿ ತಿಳಿವಳಿಕೆಯು ಅವರ ಮುಂದೆ ಬಂದಿತು. ಜೀನ್ ಮಾರ್ಟಿನ್ನರ ಗ್ರಂಥವೂ ಈ ವರದಿಯೂ ಒಂದೇ ವರ್ಷ ಹೊರಬಂದುವು. ಆಳದಲ್ಲಿ ಮೊದಲನೆಯದು ಹೆಚ್ಚಿನದು. ಶಾಸನದ ಮೇಲೆ ಪರಿಣಾಮವನ್ನುಂಟುಮಾಡಿದುದು ಎರಡನೆಯದು.

೫

ಮುಂದಿನ ಹತ್ತು ವರ್ಷಗಳಲ್ಲಿ ಸಂಶೋಧನೆಯನ್ನೇ ಒಂದು ಸ್ಥಿರವಾದ ಸಂಸ್ಥೆಯನ್ನಾಗಿ ಮಾಡುವ ಪ್ರಯತ್ನಗಳು ನಡೆದುವು. ೧೯೭೯ರಲ್ಲಿ ಬಹುಸಂಸ್ಕೃತಿಯ ವ್ಯವಹಾರಗಳನ್ನು ಅಭ್ಯಸಿಸುವ ಸಂಸ್ಥೆಯೊಂದನ್ನು ಶಾಸನದಿಂದಲೇ ಸ್ಥಾಪಿಸಲಾಯಿತು. ಗಾಲ್ಬಲಿ ವರದಿಯ ಸಲಹೆಗಳು ಎಷ್ಟು ಫಲಿಸಿದುವೆಂಬುದನ್ನು ಅದು ೧೯೮೨ರಲ್ಲಿ ಪರಿಶೀಲಿಸಿತು. ಸರ್ಕಾರವು ಬದಲಾದಮೇಲೆ ಆ ಸಂಸ್ಥೆಯ ಕಾರ್ಯವನ್ನೇ ವಿಚಾರಿಸಲು ಸಮಿತಿಯೊಂದು ಕುಳಿತಿತು. ೧೯೮೬ರಲ್ಲಿ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ಒಂದು ಸರ್ಕಾರದ ನೀತಿಯೊಡನೆ ಹುಟ್ಟಿದ ಸಂಶೋಧನಾ ಸಂಸ್ಥೆಗೆ ಆ ನೀತಿಯ ಆಯುಸ್ಸೇ ತನ್ನ ಆಯುಸ್ಸಾಗುವ ಅಪಾಯವಿರುವುದೆಂದು ಇದರಿಂದ ಕಾಣುತ್ತದೆ.

ಭಾಷಾನೀತಿಯ ವಿಷಯದಲ್ಲಿ ಇದಕ್ಕಿಂತ ದೃಢವಾದ ಕಾರ್ಯ ನಡೆಯಿತು. ಪಾರ್ಲಿಮೆಂಟಿನ ಮೇಲ್ಮನೆಯ ಸಮಿತಿಯೊಂದು ೧೯೮೪ರಲ್ಲಿ ರಾಷ್ಟ್ರೀಯ ಭಾಷಾನೀತಿಯನ್ನು ಕುರಿತು ವರದಿಯನ್ನೊಪ್ಪಿಸಿತು. ಅದನ್ನು ಆಧರಿಸಿ ಜೋಸೆಫ್ ಲೊ ಬಿಯಾಂಕೊ ಎಂಬ ವಿದ್ವಾಂಸರು ಸಿದ್ಧಪಡಿಸಿದ ರಾಷ್ಟ್ರೀಯ ಭಾಷಾನೀತಿಯನ್ನು ಸರ್ಕಾರವು ೧೯೮೭ರಲ್ಲಿ ಅಂಗೀಕರಿಸಿತು. ಎಲ್ಲರಿಗೂ ಇಂಗ್ಲಿಷಿನ ಶಿಕ್ಷಣ, ಇತರ ಭಾಷೆಗಳ ರಕ್ಷಣೆ, ಆ ಭಾಷೆಗಳಲ್ಲಿ ಸರ್ಕಾರದ ಸೇವೆ, ಎರಡನೆಯ ಭಾಷೆಯನ್ನು ಕಲಿಯುವ ಅವಕಾಶ—ಇವು ಅದರ ಮೂಲತತ್ತ್ವಗಳು. ೧೯೮೮ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಭಾಷಾಬೋಧನೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಮೊದಲಾಯಿತು. ವಲಸೆಗಾರರ ತರಗತಿಗಳಲ್ಲಿಯೇ ನಡೆಸಿದ ಪರಿಶೀಲನೆಯನ್ನು ಆಧರಿಸಿ, ಕಲಿಯುವವನನ್ನು ಕೇಂದ್ರದಲ್ಲಿಟ್ಟು ಪಾಠಕ್ರಮವನ್ನು ರಚಿಸುವ ವಿಚಾರವಾಗಿ ಡೇವಿಡ್ ನ್ಯೂನನ್ ಬರೆದ ಗ್ರಂಥವೂ ಅದೇ ವರ್ಷ ಪ್ರಕಟವಾಯಿತು.

ಭಾಷೆಯ ಅಳತೆಯೂ ಈ ಕಾಲದಲ್ಲಿ ಹೊಸ ಅರ್ಥವನ್ನು ಪಡೆಯಿತು. ಡೇವಿಡ್ ಇನ್‌ಗ್ರಾಮ್ ಮತ್ತು ಎಲೇನ್ ವೈಲಿ ಎಂಬವರು ೧೯೭೦ರ ದಶಕದ ಕೊನೆಯಲ್ಲಿ ರಚಿಸಿದ ಅಳತೆಪಟ್ಟಿಯು ಮಾತು, ಕೇಳ್ಮೆ, ಓದು, ಬರವಣಿಗೆ ಎಂಬ ನಾಲ್ಕನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಒಬ್ಬನು ನಿತ್ಯಜೀವನದಲ್ಲಿ ಆ ಭಾಷೆಯಿಂದ ಯಾವ ಕಾರ್ಯವನ್ನು ಮಾಡಬಲ್ಲನೆಂಬುದನ್ನು ಮೆಟ್ಟಲುಮೆಟ್ಟಲಾಗಿ ತಿಳಿಸುತ್ತಿದ್ದಿತು. ೫೦ ಮಾತುಗಳ ಉಕ್ತಲೇಖನಕ್ಕೂ ಇದಕ್ಕೂ ಇರುವ ಅಂತರವು ಸಾಮಾನ್ಯವಲ್ಲ. ಹಿಂದಿನದು ಮನುಷ್ಯನನ್ನು ಹಿಂದಕ್ಕೆ ಕಳುಹಿಸುವುದಕ್ಕಾಗಿ ಇದ್ದ ಅಳತೆ. ಇದು ಅವನನ್ನು ಯಾವ ತರಗತಿಯಲ್ಲಿ ಕೂರಿಸಬೇಕೆಂಬುದನ್ನು ತಿಳಿಯುವುದಕ್ಕಾಗಿ ಮಾಡಿದ ಅಳತೆ.

೬

೧೯೯೦ರ ದಶಕದ ಆರಂಭದಲ್ಲಿ ದೇಶದ ಆರ್ಥಿಕ ಸ್ಥಿತಿ ಇಳಿದು ನಿರುದ್ಯೋಗವು ಹೆಚ್ಚಿತು. ೧೯೯೧ರಲ್ಲಿ ಮಂತ್ರಿ ಜಾನ್ ಡಾಕಿನ್ಸ್ ಹೊರಡಿಸಿದ ಭಾಷಾ ಮತ್ತು ಅಕ್ಷರ ನೀತಿಯಲ್ಲಿ ಉದ್ಯೋಗಕ್ಕೆ ಬೇಕಾದ ಇಂಗ್ಲಿಷಿಗೆ ಪ್ರಾಧಾನ್ಯ ಬಂದಿತು. ಮರುವರ್ಷದ ತಿದ್ದುಪಡಿಯಿಂದ ವಲಸೆಗಾರರ ಶಿಕ್ಷಣ ಶಾಸನದಲ್ಲಿ ಎರಡು ಹೊಸ ಮಾತುಗಳು ಸೇರಿದುವು. ಒಂದು, ‘ವ್ಯವಹಾರಕ್ಕೆ ಸಾಕಾಗುವ ಇಂಗ್ಲಿಷ್’ ಎಂಬ ಮಟ್ಟ. ಇನ್ನೊಂದು, ೫೧೦ ಗಂಟೆಗಳ ಮೇರೆ. ಇಂಗ್ಲಿಷ್ ಬಾರದ ವಲಸೆಗಾರನಿಗೆ ಕಲಿಯುವ ಹಕ್ಕು ಶಾಸನಬದ್ಧವಾಗಿ ದೊರೆಯಿತು. ಆದರೆ ಆ ಮಟ್ಟವನ್ನು ಮುಟ್ಟಿದೊಡನೆ, ಅಥವಾ ೫೧೦ ಗಂಟೆಗಳು ಮುಗಿದೊಡನೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಗೆ ಸರ್ಕಾರದ ಹೊಣೆಯು ತೀರಿತು. ಇದರ ಜೊತೆಯಲ್ಲಿಯೇ, ನಿರಾಶ್ರಿತರಲ್ಲದ ಕೆಲವು ವರ್ಗಗಳ ವಲಸೆಗಾರರು ಇಂಗ್ಲಿಷ್ ಶಿಕ್ಷಣಕ್ಕಾಗಿ ಮುಂದಾಗಿ ಶುಲ್ಕ ಕೊಡಬೇಕೆಂಬ ಇನ್ನೊಂದು ಶಾಸನವೂ ಆಯಿತು.

ಹಕ್ಕು ಮತ್ತು ಮೇರೆ ಎರಡೂ ಒಂದೇ ಲೇಖನಿಯಿಂದ ಬಂದುವೆಂಬುದನ್ನು ಮರೆಯಬಾರದು. ಶಾಸನಕರ್ತರ ದೃಷ್ಟಿಯಿಂದ ನೋಡಿದರೆ ಇದರಲ್ಲಿ ನ್ಯಾಯವಿಲ್ಲದೆ ಇಲ್ಲ. ಎಷ್ಟು ಕೊಡಬೇಕೆಂಬುದು ಗೊತ್ತಾಗದ ಹಕ್ಕಿಗೆ ಆಯವ್ಯಯದಲ್ಲಿ ಹಣವನ್ನು ತೆಗೆದಿಡುವುದು ಕಷ್ಟ. ಗಂಟೆಯಾದರೋ ಎಣಿಸಬಹುದಾದುದು, ಅದಕ್ಕೆ ಬೆಲೆಕಟ್ಟಬಹುದು. ೧೯೯೦ರ ದಶಕದ ಕೊನೆಯಲ್ಲಿ ಪಾಠ ನಡೆಸುವ ಕೆಲಸವನ್ನು ಟೆಂಡರುಗಳ ಮೂಲಕ ಸಂಸ್ಥೆಗಳಿಗೆ ವಹಿಸಿಕೊಡುವ ಪದ್ಧತಿಯು ಬಂದಾಗ ಗಂಟೆಯ ಲೆಕ್ಕವು ಇನ್ನೂ ಭದ್ರವಾಯಿತು. ವಾರಕ್ಕೆ ೨೦ ಗಂಟೆಗಳಂತೆ ಪಾಠವಾದರೆ ೫೧೦ ಗಂಟೆಗಳು ಸುಮಾರು ಆರು ತಿಂಗಳಲ್ಲಿ ಮುಗಿಯುವುವು. ಅಷ್ಟರಲ್ಲಿ ಒಬ್ಬನು ಒಂದು ಭಾಷೆಯನ್ನು ಕಲಿಯಬಲ್ಲನೆ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದೇ ಸಂಶೋಧನೆಯ ಮುಖ್ಯವಾದ ಫಲ.

ಮ್ಯಾಕ್ವಾರಿಯಲ್ಲಿಯೂ ಅನಂತರ ಅದರೊಡನೆ ಸೇರಿದ ಲಾ ಟ್ರೋಬ್ ವಿಶ್ವವಿದ್ಯಾನಿಲಯದಲ್ಲಿಯೂ ಈ ತರಗತಿಗಳನ್ನು ಕುರಿತು ನಡೆದ ಅಭ್ಯಾಸಗಳು ಮತ್ತೆ ಮತ್ತೆ ಹೇಳಿದುದಿಷ್ಟು. ಕಲಿಯುವ ವೇಗವು ಮುಖ್ಯವಾಗಿ ಕಲಿಯುವವನ ಹಿಂದಿನ ವಿದ್ಯಾಭ್ಯಾಸ, ಸ್ವಂತ ಭಾಷೆಯಲ್ಲಿ ಅವನಿಗಿರುವ ಓದುಬರಹ, ವಯಸ್ಸು ಇವುಗಳನ್ನು ಅವಲಂಬಿಸಿದೆ. ತನ್ನ ದೇಶದಲ್ಲಿ ಎಂಜಿನಿಯರಾಗಿದ್ದವನಿಗೆ ಹೊಸ ಭಾಷೆಯು ಮಾತ್ರ ಹೊಸದು. ಪುಸ್ತಕ, ಲೇಖನಿ, ತರಗತಿ, ಪರೀಕ್ಷೆ ಇವೆಲ್ಲವೂ ಅವನಿಗೆ ಪರಿಚಿತ. ಯುದ್ಧದ ನಡುವೆ ಹುಟ್ಟಿ ನಿರಾಶ್ರಿತರ ಶಿಬಿರದಲ್ಲಿ ಬೆಳೆದು ಯಾವ ಲಿಪಿಯನ್ನೂ ಕಾಣದವಳಿಗೆ ಗೆರೆಯ ಮೇಲೆ ಅಕ್ಷರವನ್ನು ಬರೆಯುವುದೇ ಮೊದಲನೆಯ ಪಾಠ. ಇಬ್ಬರಿಗೂ ಶಾಸನವು ಕೊಟ್ಟುದು ೫೧೦ ಗಂಟೆಗಳನ್ನೇ. ಮೊದಲನೆಯವನು ಅದರಲ್ಲಿ ಅರ್ಧದಲ್ಲಿಯೇ ಮಟ್ಟವನ್ನು ಮುಟ್ಟಬಹುದು. ಎರಡನೆಯವಳಿಗೆ ಅದರ ಕೊನೆಯಲ್ಲಿ ಬಾಗಿಲು ಕಾಣಿಸಿದರೆ ಅದೇ ಹೆಚ್ಚು. ಸಮಾನವಾದ ಕೊಳಗದಿಂದ ಅಳೆದುಕೊಟ್ಟರೆ ಹಸಿವೂ ಸಮಾನವಾಗಿ ತೀರುವುದೆಂದು ಹೇಳಲಾದೀತೆ?

ಈ ತಿಳಿವಳಿಕೆಯು ಆಡಳಿತದವರೆಗೆ ಮುಟ್ಟಲಿಲ್ಲವೆಂದಲ್ಲ. ಶಾಲೆಯನ್ನೇ ಕಾಣದ ಅಥವಾ ಸ್ವಲ್ಪವೇ ಕಂಡ ನಿರಾಶ್ರಿತರಿಗೆ ಹೆಚ್ಚಿನ ಗಂಟೆಗಳನ್ನು ಕೊಡುವ ಪೂರ್ವಸಿದ್ಧತೆಯ ಪಾಠಗಳು ಏರ್ಪಟ್ಟುವು. ಚಿಕ್ಕ ಮಕ್ಕಳಿರುವ ತಾಯಂದಿರಿಗಾಗಿ ಶಿಶುಪಾಲನೆಯ ಏರ್ಪಾಟೂ ಮನೆಗೆ ಹೋಗಿ ಕಲಿಸುವ ಸ್ವಯಂಸೇವಕರ ಏರ್ಪಾಟೂ ಇದ್ದುವು. ೨೦೧೭ರಲ್ಲಿ ಅರ್ಹರಾದವರಿಗೆ ಇನ್ನೂ ೪೯೦ ಗಂಟೆಗಳವರೆಗೆ ಪಾಠವನ್ನು ಮುಂದುವರಿಸುವ ಅವಕಾಶವಾಯಿತು. ಆದರೆ ಇವೆಲ್ಲವೂ ಮೂಲಸಂಖ್ಯೆಯನ್ನು ಹಾಗೆಯೇ ಇಟ್ಟು ಅದರ ಸುತ್ತಲೂ ಕಟ್ಟಿದ ಜಗುಲಿಗಳಂತಿದ್ದುವು. ಸಂಖ್ಯೆಯು ತಪ್ಪೆಂದು ಹೇಳುವ ಸಂಶೋಧನೆಯು ಸಂಖ್ಯೆಯನ್ನು ಬದಲಾಯಿಸದೆ ಅದಕ್ಕೆ ವಿನಾಯತಿಗಳನ್ನು ಮಾತ್ರ ದೊರಕಿಸಿಕೊಟ್ಟಿತು.

೭

ಮೇರೆಯು ಬಿದ್ದುದು ಹೇಗೆಂಬುದನ್ನು ಈಗ ನೋಡಬೇಕು. ೨೦೧೬ರ ಜನಗಣತಿಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಆಡಲಾರದವರು ಅಥವಾ ಏನೂ ಆಡಲಾರದವರು ಸುಮಾರು ೮,೨೦,೦೦೦ ಎಂದು ಕಂಡುಬಂದಿತು; ಹತ್ತು ವರ್ಷಗಳ ಹಿಂದಿನ ಗಣತಿಯಲ್ಲಿ ಅವರ ಸಂಖ್ಯೆ ಸುಮಾರು ೫,೬೦,೦೦೦ ಆಗಿದ್ದಿತು. ೨೦೧೯ರಲ್ಲಿ ನಿರಾಶ್ರಿತರ ನೆಲೆಗೊಳಿಸುವಿಕೆಯನ್ನು ಕುರಿತ ಶೆರ್ಗೋಲ್ಡ್ ವರದಿಯು ಹೊರಬಂದಿತು. ಅದೇ ವರ್ಷ ಸ್ಕ್ಯಾನ್ಲನ್ ಸಂಸ್ಥೆಗಾಗಿ ಜೇಮ್ಸ್ ಬಟನ್ ಎಂಬ ಲೇಖಕರು ಈ ಶಿಕ್ಷಣದ ಏಳುಬೀಳುಗಳನ್ನು ತಿಳಿಯಾದ ಭಾಷೆಯಲ್ಲಿ ವಿವರಿಸಿದರು. ೨೦೨೦ನೆಯ ಆಗಸ್ಟ್ ೨೮ರಂದು ವಲಸೆಯ ಹೊಣೆಹೊತ್ತಿದ್ದ ಮಂತ್ರಿ ಅಲನ್ ಟಜ್ ಅವರು ೫೧೦ ಗಂಟೆಗಳ ಮೇರೆಯನ್ನು ತೆಗೆದುಹಾಕುವೆವೆಂದು ಸಾರಿದರು. ಆ ವರ್ಷವೇ ತಿದ್ದುಪಡಿಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ ೨೦೨೧ನೆಯ ಏಪ್ರಿಲ್ ೧೯ರಿಂದ ಜಾರಿಗೆ ಬಂದಿತು. ಗಂಟೆಗಳ ಮೇರೆ ಹೋಯಿತು. ಮುಟ್ಟಬೇಕಾದ ಮಟ್ಟವು ‘ವ್ಯವಹಾರಕ್ಕೆ ಸಾಕಾಗುವ ಇಂಗ್ಲಿಷ್’ ಎಂಬುದರಿಂದ ಉದ್ಯೋಗಕ್ಕೆ ಸಾಕಾಗುವ ಇಂಗ್ಲಿಷಿಗೆ ಏರಿತು. ೨೦೨೦ನೆಯ ಅಕ್ಟೋಬರ್ ೧ರಂದು ಅಥವಾ ಅದಕ್ಕೆ ಮೊದಲು ದೇಶದಲ್ಲಿದ್ದವರಿಗೆ ಇಂತಿಷ್ಟು ವರ್ಷಗಳೊಳಗೆ ಕಲಿತು ಮುಗಿಸಬೇಕೆಂಬ ಅವಧಿಯೂ ಇಲ್ಲವಾಯಿತು.

ಮಂತ್ರಿಯು ಆಗ ಕೊಟ್ಟ ಎರಡು ಅಂಕಿಗಳು ವಿಚಾರಾರ್ಹವಾಗಿವೆ. ಈ ತರಗತಿಗಳನ್ನು ಬಿಟ್ಟುಹೋಗುವಾಗ ವ್ಯವಹಾರಕ್ಕೆ ಸಾಕಾಗುವ ಇಂಗ್ಲಿಷನ್ನು ಪಡೆದಿದ್ದವರು ನೂರಕ್ಕೆ ೨೧ ಮಂದಿ ಮಾತ್ರ. ಆದರೆ ಕಲಿಯುವವರು ಸರಾಸರಿಯಾಗಿ ಉಪಯೋಗಿಸಿಕೊಂಡ ಗಂಟೆಗಳು ಸುಮಾರು ೩೦೦. ಮೊದಲನೆಯ ಅಂಕಿಯನ್ನು ಮಾತ್ರ ನೋಡಿದರೆ ಗಂಟೆಗಳು ಸಾಲದೆ ಹೋದುವೆಂದು ತೋರುವುದು. ಎರಡನೆಯದನ್ನು ಸೇರಿಸಿ ನೋಡಿದರೆ ಇದ್ದ ಗಂಟೆಗಳೇ ಮುಗಿಯಲಿಲ್ಲವೆಂದು ಕಾಣುವುದು. ಬಹುಮಂದಿಯು ಮೇರೆಯನ್ನು ಮುಟ್ಟುವುದಕ್ಕೆ ಮೊದಲೇ ತರಗತಿಯನ್ನು ಬಿಟ್ಟಿದ್ದರು. ಕೆಲಸ ಸಿಕ್ಕಿದುದು, ಮಕ್ಕಳನ್ನು ನೋಡಿಕೊಳ್ಳಬೇಕಾದುದು, ಅನಾರೋಗ್ಯ, ತರಗತಿಗಿರುವ ದೂರ—ಇಂಥ ಕಾರಣಗಳು ಗೋಡೆಗಿಂತ ಮೊದಲೇ ಅವರನ್ನು ತಡೆದಿದ್ದುವು.

ಆದುದರಿಂದ ೫೧೦ ಎಂಬ ಸಂಖ್ಯೆಯು ಎರಡು ಬಗೆಯಲ್ಲಿ ದಾರಿತಪ್ಪಿಸಿತೆನ್ನಬೇಕು. ಅದು ಸಾಕೆಂದು ನಂಬಿದವರಿಗೆ, ಅಕ್ಷರವೇ ತಿಳಿಯದೆ ಬಂದವಳ ಕಷ್ಟವು ಕಾಣಿಸಲಿಲ್ಲ. ಅದು ಸಾಲದೆಂದು ವಾದಿಸಿದವರಿಗೆ, ಗಂಟೆಗಳು ಇದ್ದೂ ಬರಲಾಗದವನ ಕಷ್ಟವು ಹಿಂದೆ ಬಿದ್ದಿತು. ಚರ್ಚೆಯೆಲ್ಲ ಸಂಖ್ಯೆಯ ಸುತ್ತಲೇ ನಡೆದುದರಿಂದ, ಮೇರೆಯು ಹೋದೊಡನೆ ಕಾರ್ಯವು ಮುಗಿಯಿತೆಂಬ ಭ್ರಮೆಗೂ ಅವಕಾಶವುಂಟು. ಮೇರೆಯನ್ನು ತೆಗೆದುದು ಯೋಗ್ಯವಾದ ಕಾರ್ಯವೇ ಸರಿ; ದೀರ್ಘಕಾಲ ಕಲಿಯಬೇಕಾದವರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಸಂಜೆ ಕಾರ್ಖಾನೆಯಿಂದ ಬಳಲಿ ಬಂದವನಿಗೆ ಕೊನೆಯಿಲ್ಲದ ಗಂಟೆಗಳನ್ನು ಕೊಟ್ಟರೂ ಅವನಲ್ಲಿ ಅವುಗಳನ್ನು ಉಪಯೋಗಿಸುವ ಒಂದು ಗಂಟೆಯಿರಬೇಕು.

೮

ಈ ದೀರ್ಘವಾದ ವೃತ್ತಾಂತದಿಂದ ಕೆಲವು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ಸಂಶೋಧನೆಯು ಶಾಸನದ ಮೇಲೆ ಪರಿಣಾಮವನ್ನುಂಟುಮಾಡಿದುದು ಅದರ ಸತ್ಯದಿಂದ ಮಾತ್ರವಲ್ಲ. ಕೇಳುವವರಿಗೆ ಅದು ಬೇಕಾದ ಕಾಲದಲ್ಲಿ, ನಿರ್ಧಾರಮಾಡಬಹುದಾದ ರೂಪದಲ್ಲಿ ಬಂದುದರಿಂದ. ೧೯೬೦ರ ದಶಕದ ಉಪಾಧ್ಯಾಯನಿಗೆ ತಿಳಿದಿದ್ದುದು ೧೯೭೦ರ ಮಂತ್ರಿಗೆ ತಿಳಿದುದಕ್ಕಿಂತ ಕಡಮೆಯದಲ್ಲ. ಎರಡನೆಯದಾಗಿ, ಶಾಸನವು ಸಂಶೋಧನೆಯಿಂದ ಸಂಖ್ಯೆಗಳನ್ನು ಸುಲಭವಾಗಿ ಸ್ವೀಕರಿಸುತ್ತದೆ. ಆ ಸಂಖ್ಯೆಗಳಿಗೆ ಅಂಟಿಕೊಂಡಿರುವ ‘ಇಂಥವರಿಗೆ’, ‘ಇಂಥ ಸ್ಥಿತಿಯಲ್ಲಿ’ ಎಂಬ ನಿಬಂಧನೆಗಳನ್ನು ಅಷ್ಟು ಸುಲಭವಾಗಿ ಸ್ವೀಕರಿಸುವುದಿಲ್ಲ. ಸರಾಸರಿಯು ಮಸೂದೆಯ ಸಾಲಿನಲ್ಲಿ ಹಿಡಿಯುತ್ತದೆ. ಸರಾಸರಿಯಿಂದ ದೂರವಿರುವವರು ಹಿಡಿಯುವುದಿಲ್ಲ. ಮೂರನೆಯದಾಗಿ, ಒಮ್ಮೆ ಶಾಸನವನ್ನು ಸೇರಿದ ಸಂಖ್ಯೆಯು ಆಯವ್ಯಯ, ಕರಾರು, ವರದಿ ಇವುಗಳಲ್ಲೆಲ್ಲ ಬೇರುಬಿಟ್ಟು, ಅದನ್ನು ಅಲ್ಲಗಳೆಯುವ ತಿಳಿವಳಿಕೆ ಬಂದಮೇಲೂ ಬಹುಕಾಲ ನಿಲ್ಲುತ್ತದೆ.

ಇದರಿಂದ ಸಂಶೋಧಕರಿಗೂ ಶಾಸನಕರ್ತರಿಗೂ ಒಂದೊಂದು ಕರ್ತವ್ಯವು ಏರ್ಪಡುತ್ತದೆ. ಸಂಖ್ಯೆಯನ್ನು ಕೊಡುವವನು ಅದು ಯಾರಿಗೆ ಅನ್ವಯಿಸುವುದಿಲ್ಲವೆಂಬುದನ್ನೂ ಅದೇ ಸಾಲಿನಲ್ಲಿ ಹೇಳಬೇಕು. ಸಂಖ್ಯೆಯನ್ನು ಶಾಸನದಲ್ಲಿ ಬರೆಯುವವನು ಅದನ್ನು ಪುನಃ ಪರಿಶೀಲಿಸುವ ಕಾಲವನ್ನೂ ಶಾಸನದಲ್ಲಿಯೇ ಬರೆಯಬೇಕು. ೧೯೯೨ರ ತಿದ್ದುಪಡಿಯು ೫೧೦ ಗಂಟೆಗಳೆಂದು ಬರೆಯುವಾಗ ಹತ್ತು ವರ್ಷಗಳ ಮೇಲೆ ಇದನ್ನು ತರಗತಿಯ ಅನುಭವದೊಡನೆ ಹೋಲಿಸಿ ನೋಡಬೇಕೆಂದು ಒಂದು ವಾಕ್ಯವನ್ನು ಸೇರಿಸಿದ್ದರೆ, ಆ ಹೋಲಿಕೆಯು ೨೦೨೦ರವರೆಗೆ ಕಾಯಬೇಕಾಗಿರಲಿಲ್ಲ. ಈಗ ಗಂಟೆಯ ಮೇರೆಯಿಲ್ಲ. ಉದ್ಯೋಗಕ್ಕೆ ಸಾಕಾಗುವ ಇಂಗ್ಲಿಷ್ ಎಂಬ ಮಟ್ಟವಿದೆ. ಎಷ್ಟು ಜನರು ಆ ಮಟ್ಟವನ್ನು ಮುಟ್ಟಿದರು, ಮುಟ್ಟದವರು ಯಾರು, ಅವರು ತರಗತಿಯನ್ನು ಬಿಟ್ಟ ದಿನ ಯಾವ ಕಾರಣದಿಂದ ಬಿಟ್ಟರು ಎಂಬುದನ್ನು ವರ್ಷವರ್ಷವೂ ಬರೆದಿಟ್ಟರೆ, ಮುಂದಿನ ತಿದ್ದುಪಡಿಯನ್ನು ಮಾಡುವವರಿಗೆ ಅದಕ್ಕಿಂತ ಉಪಯುಕ್ತವಾದ ಆಧಾರವು ಬೇರೊಂದಿರಲಾರದು.